ಮೋಟಾರು ಸೈಕಲ್ಲಿಗೆ ಬಲ ತುಂಬುವ ಮುನ್ನ

ಸಂಜೆ ಆರು ಗಂಟೆಯ ಮೇಲೆ ಬೊಮ್ಮನಹಳ್ಳಿಯಿಂದ ಬೇಗೂರಿನ ಕಡೆಗೆ ಹೋಗುವ ರಸ್ತೆಯ ಅಡ್ಡಬೀದಿಗಳಲ್ಲಿ ನಡೆದುಹೋಗುವವರಿಗೆ ಒಂದು ದೃಶ್ಯ ತಪ್ಪದೆ ಕಾಣಸಿಗುತ್ತದೆ. ಹತ್ತಡಿ ಅಗಲದ ಒಂದು ಗ್ಯಾರೇಜು. ಅದರ ಬಾಗಿಲಲ್ಲಿ ಅರ್ಧ ಬಿಚ್ಚಿಟ್ಟ ಮೋಟಾರು ಸೈಕಲ್ಲು. ಅದರ ಸುತ್ತ ಕುಕ್ಕರಗಾಲಿನಲ್ಲಿ ಕುಳಿತ ನಾಲ್ಕಾರು ಮಂದಿ ತರುಣರು. ಒಬ್ಬನು ಪಾಲಿಟೆಕ್ನಿಕ್ಕಿನ ವಿದ್ಯಾರ್ಥಿ, ಮತ್ತೊಬ್ಬನು ಹತ್ತಿರದ ಸಣ್ಣ ಯಂತ್ರಕಾರ್ಖಾನೆಯಲ್ಲಿ ಲೇತಿನ ಕೆಲಸ ಕಲಿಯುತ್ತಿರುವವನು, ಇನ್ನೊಬ್ಬನು ಮನೆಮನೆಗೆ ಊಟದ ಪೊಟ್ಟಣ ತಲುಪಿಸುವವನು. ಅವರ ಚರ್ಚೆಯ ವಿಷಯ ಒಂದೇ: ಈ ಗಾಡಿಯ ‘ಪಿಕಪ್’ ಹೆಚ್ಚಿಸುವುದು ಹೇಗೆ? ಸ್ವಲ್ಪ ಹೊತ್ತಿನಲ್ಲಿ ಹಳೆಯ ಸೈಲೆನ್ಸರು ನೆಲಕ್ಕೆ ಇಳಿದು ಅದರ ಸ್ಥಾನದಲ್ಲಿ ಒಂದು ಗಿಡ್ಡ ಕೊಳವೆ ಏರುತ್ತದೆ. ಎಂಜಿನ್ನನ್ನು ಚಾಲೂ ಮಾಡಿದೊಡನೆ ಬೀದಿಯ ಕಿಟಕಿಗಳೆಲ್ಲ ಅದುರುತ್ತವೆ. “ಸಾರ್, ಈಗ ನೋಡಿ, ಗಾಡಿ ಹಾರುತ್ತೆ!” ಎಂದು ಈಚೆಗೆ ಅಂಥ ಹುಡುಗನೊಬ್ಬನು ನನಗೆ ಹೆಮ್ಮೆಯಿಂದ ಹೇಳಿದನು. “ಎಷ್ಟು ಹೆಚ್ಚಾಯಿತಪ್ಪ?” ಎಂದು ಕೇಳಿದೆ. “ತುಂಬಾ ಸಾರ್” ಎಂದನು. “ತುಂಬಾ ಎಂದರೆ ಎಷ್ಟು?” ಆ ಪ್ರಶ್ನೆಗೆ ಆತನಲ್ಲಿ ಉತ್ತರವಿರಲಿಲ್ಲ, ಗ್ಯಾರೇಜಿನವರಲ್ಲಿಯೂ ಇರಲಿಲ್ಲ.

ಈ ತರುಣರ ಮೇಲೆ ನನಗಿರುವ ತಕರಾರು ಇದೊಂದೇ. ಇದ್ದುದಕ್ಕಿಂತ ಉತ್ತಮವಾದ ಯಂತ್ರ ಬೇಕೆಂಬ ಹಂಬಲದಲ್ಲಿ ತಪ್ಪೇನೂ ಇಲ್ಲ. ಆ ಹಂಬಲವಿಲ್ಲದೆ ಆವಿಯ ಎಂಜಿನ್ನೂ ಇಲ್ಲ, ವಿಮಾನವೂ ಇಲ್ಲ. ಕೈಗೆ ಎಣ್ಣೆ ಮೆತ್ತಿಕೊಳ್ಳಲು ಹೇಸದ ವಿದ್ಯಾರ್ಥಿಯನ್ನು ಕಂಡರೆ ನನಗೆ ಸಂತೋಷವೇ ಆಗುತ್ತದೆ. ಆದರೆ ಅಳೆಯದೆ ಮಾಡಿದ ಸುಧಾರಣೆಯನ್ನು ಸುಧಾರಣೆಯೆಂದು ಕರೆಯಲು ವಿಜ್ಞಾನ ಒಪ್ಪುವುದಿಲ್ಲ. ಕಿವಿಯನ್ನು ಮಾಪಕವೆಂದು ನಂಬಿ ಮಾಡಿದ ಕೆಲಸದಲ್ಲಿ ಅನೇಕ ವೇಳೆ ಎಂಜಿನ್ನಿನ ಬಲ ಕುಗ್ಗಿಯೂ ಇರುತ್ತದೆ. ಅದು ಹೇಗೆಂಬುದನ್ನು ಕೊಂಚ ವಿವರವಾಗಿಯೇ ನೋಡೋಣ.

ಎಂಜಿನ್ನಿನ ಮೂಲಸ್ವರೂಪವನ್ನು ಮೊದಲು ನೆನಪಿಗೆ ತಂದುಕೊಳ್ಳಬೇಕು. ಪೆಟ್ರೋಲು ಸುಡುವ ಯಂತ್ರವೆಂದು ನಾವು ಅದನ್ನು ಕರೆಯುತ್ತೇವಾದರೂ ಅದು ಮುಖ್ಯವಾಗಿ ಗಾಳಿಯನ್ನು ನುಂಗುವ ಯಂತ್ರ. ಒಂದು ಕಿಲೋಗ್ರಾಂ ಪೆಟ್ರೋಲು ಪೂರ್ಣವಾಗಿ ದಹಿಸಲು ಸುಮಾರು 14.7 ಕಿಲೋಗ್ರಾಂ ಗಾಳಿ ಬೇಕು. ಗಾತ್ರದ ಲೆಕ್ಕದಲ್ಲಿ ಹೇಳುವುದಾದರೆ, ಒಂದು ಲೀಟರು ಪೆಟ್ರೋಲಿಗೆ ಸುಮಾರು ಒಂಬತ್ತು ಸಾವಿರ ಲೀಟರು ಗಾಳಿ! ಪೆಟ್ರೋಲನ್ನು ಬೇಕಾದಷ್ಟು ಸುರಿಯಬಹುದು. ಅದಕ್ಕೆ ತಕ್ಕ ಗಾಳಿಯನ್ನು ಒಂದು ಸಣ್ಣ ಸಿಲಿಂಡರಿನೊಳಕ್ಕೆ, ಸೆಕೆಂಡಿನ ನೂರನೆಯ ಒಂದು ಭಾಗದಷ್ಟು ಕಾಲದಲ್ಲಿ ತುಂಬಿಸುವುದೇ ಕಷ್ಟ. ಎಂಜಿನ್ನಿಗೆ ಬಲ ತುಂಬುವ ವಿದ್ಯೆಯೆಲ್ಲವೂ, ಕವಾಟಗಳನ್ನು ದೊಡ್ಡದು ಮಾಡುವುದಾಗಲಿ, ಗಾಳಿ ಬರುವ ದಾರಿಯನ್ನು ಉಜ್ಜಿ ನಯಗೊಳಿಸುವುದಾಗಲಿ, ಕ್ಯಾಮಿನ ಆಕಾರವನ್ನು ಬದಲಿಸುವುದಾಗಲಿ, ಕೊನೆಗೆ ಈ ಒಂದು ಸಮಸ್ಯೆಗೇ ಬಂದು ನಿಲ್ಲುತ್ತದೆ.

ಇಲ್ಲಿ ಬೆಂಗಳೂರಿನವರು ಗಮನಿಸಬೇಕಾದ ಒಂದು ಸ್ವಾರಸ್ಯವಿದೆ. ನಮ್ಮ ಊರು ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರು ಎತ್ತರದಲ್ಲಿದೆ. ಇಲ್ಲಿನ ವಾಯುಭಾರ ಮದರಾಸಿನ ಕಡಲತೀರದಲ್ಲಿ ಇರುವುದಕ್ಕಿಂತ ಶೇಕಡಾ 10ರಷ್ಟು ಕಡಿಮೆ. ಗಾಳಿ ತೆಳುವಾದಷ್ಟೂ ಪ್ರತಿಯೊಂದು ಗುಟುಕಿನಲ್ಲಿ ಎಂಜಿನ್ನಿಗೆ ದೊರೆಯುವ ಆಮ್ಲಜನಕ ಕಡಿಮೆಯಾಗುತ್ತದೆ. ಆದುದರಿಂದ ಮದರಾಸಿನಲ್ಲಿ ಹತ್ತು ಅಶ್ವಶಕ್ತಿ ಕೊಡುವ ಎಂಜಿನ್ನು ಬೊಮ್ಮನಹಳ್ಳಿಯಲ್ಲಿ ಹೆಚ್ಚು ಕಡಿಮೆ ಒಂಬತ್ತನ್ನು ಕೊಡುತ್ತದೆ. ಊರಿನ ಹವೆ ಹಿತವಾಗಿರುವುದಕ್ಕೆ ನಾವು ತೆರುವ ತೆರಿಗೆ ಇದು! ಗ್ಯಾರೇಜುಗಳಲ್ಲಿ ಸಾವಿರಾರು ರೂಪಾಯಿ ಚೆಲ್ಲಿ ಗಳಿಸಲು ಹೊರಡುವ ಹೆಚ್ಚಳ ಎಷ್ಟೋ ಸಲ ಈ ಒಂದು ಅಶ್ವಶಕ್ತಿಗಿಂತಲೂ ಕಡಿಮೆಯಾಗಿರುತ್ತದೆ.

ಕಾರ್ಬ್ಯುರೇಟರು ಇರುವ ಹಳೆಯ ಗಾಡಿಗಳಲ್ಲಿ ಇನ್ನೂ ಒಂದು ಮಾತಿದೆ. ಗಾಳಿ ತೆಳುವಾದಾಗ ಕಾರ್ಬ್ಯುರೇಟರು ಪೆಟ್ರೋಲನ್ನು ಅದೇ ಪ್ರಮಾಣದಲ್ಲಿ ಕಡಿಮೆ ಮಾಡುವುದಿಲ್ಲ. ಗಾಳಿಯ ಸಾಂದ್ರತೆ ಶೇಕಡಾ 10 ಇಳಿದರೆ ಮಿಶ್ರಣದಲ್ಲಿ ಪೆಟ್ರೋಲಿನ ಪಾಲು ಶೇಕಡಾ 5ರಷ್ಟು ಹೆಚ್ಚುತ್ತದೆಂದು ಲೆಕ್ಕ ಹಾಕಿ ತೋರಿಸಬಹುದು. ಎರಡನೆಯ ಮಹಾಯುದ್ಧದ ಕಾಲದ ಹಳೆಯ ವಿಮಾನದಾರಿಯಾದ ಸೋಳಾವರಂನಲ್ಲಿ ಮದರಾಸಿನವರು ಪಂದ್ಯಗಳನ್ನು ನಡೆಸುತ್ತಿದ್ದ ದಿನಗಳಲ್ಲಿ, ಇಲ್ಲಿ ಹದ ಮಾಡಿದ ಎಂಜಿನ್ನನ್ನು ಅಲ್ಲಿ ಹಾಗೆಯೇ ಓಡಿಸಿದರೆ ಮಿಶ್ರಣ ಬಡಕಲಾಗಿ ಪಿಸ್ಟನ್ನು ಕಾಯ್ದು ಹಿಡಿದುಕೊಳ್ಳುವ ಅಪಾಯವಿತ್ತು. ಅದನ್ನು ಬಲ್ಲವನು ಜೇಬಿನಲ್ಲಿ ದೊಡ್ಡ ರಂಧ್ರದ ಜೆಟ್ಟನ್ನು ಇಟ್ಟುಕೊಂಡೇ ಘಟ್ಟ ಇಳಿಯಬೇಕು. ಈಗ ಇದಕ್ಕೆ ಹೊಸದೊಂದು ತೊಡಕು ಸೇರಿದೆ. 2025ರ ವೇಳೆಗೆ ಬಂಕುಗಳಲ್ಲಿ ದೊರೆಯುವ ಪೆಟ್ರೋಲಿನಲ್ಲಿ ಶೇಕಡಾ 20ರಷ್ಟು ಎಥನಾಲು ಬೆರೆಸುವುದು ಸಾಮಾನ್ಯವಾಯಿತು. ಎಥನಾಲಿನ ಅಣುವಿನಲ್ಲಿ ಆಮ್ಲಜನಕ ಮೊದಲೇ ಇರುವುದರಿಂದ ಅದರ ದಹನಕ್ಕೆ ಗಾಳಿ ಕಡಿಮೆ ಸಾಕು. ಹೀಗಾಗಿ ಈ ಇಂಧನಕ್ಕೆ ಬೇಕಾದುದು 14.7 ಪಾಲಲ್ಲ, ಸುಮಾರು 13.5 ಪಾಲು ಗಾಳಿ. ಹಳೆಯ ಜೆಟ್ಟಿನ ಕಾರ್ಬ್ಯುರೇಟರಿನಲ್ಲಿ ಮಿಶ್ರಣ ಶೇಕಡಾ 8ರಷ್ಟು ಬಡಕಲಾಗುತ್ತದೆ. ಎತ್ತರ ಒಂದು ಕಡೆಗೆ ಎಳೆದರೆ ಎಥನಾಲು ಇನ್ನೊಂದು ಕಡೆಗೆ ಎಳೆಯುತ್ತದೆ. ಇಷ್ಟನ್ನು ಲೆಕ್ಕಕ್ಕೆ ತೆಗೆದುಕೊಂಡು ಜೆಟ್ಟನ್ನು ಆರಿಸುವ ಹುಡುಗನಿಗೆ ಎಂಜಿನ್ನು ಹದ ಮಾಡುವ ವಿದ್ಯೆ ಬಂದಿದೆ ಎನ್ನಬಹುದು. ಸೈಲೆನ್ಸರು ಕಿತ್ತವನಿಗೆ ಸ್ಪಾನರು ಹಿಡಿಯಲು ಬಂದಿದೆ, ಅಷ್ಟೆ.

ಆ ಸೈಲೆನ್ಸರಿನ ವಿಷಯಕ್ಕೇ ಬರೋಣ. “ಹೊಗೆ ಸಲೀಸಾಗಿ ಹೊರಗೆ ಹೋದರೆ ಎಂಜಿನ್ನಿಗೆ ಉಸಿರು ಸಲೀಸು” ಎಂಬುದು ಗ್ಯಾರೇಜುಗಳಲ್ಲಿ ಪ್ರಚಲಿತವಾಗಿರುವ ಸಿದ್ಧಾಂತ. ಕೇಳಲು ಸರಿಯೆಂದೇ ತೋರುತ್ತದೆ. ಆದರೆ ಹೊಗೆಯ ಕೊಳವೆ ಬರಿಯ ಚರಂಡಿಯಲ್ಲ. ಅದು ಕೊಳಲಿನಂತೆ ಒಂದು ವಾದ್ಯ. ಎಂಜಿನ್ನಿನ ಹೊಗೆದಾರಿ ತೆರೆದಾಗಲೆಲ್ಲ ಒಂದು ಒತ್ತಡದ ತರಂಗ ಕೊಳವೆಯಲ್ಲಿ ಹೊರಟು, ಕೊಳವೆಯ ಆಕಾರ ಎಲ್ಲೆಲ್ಲಿ ಬದಲಾಗುವುದೋ ಅಲ್ಲಲ್ಲಿ ಪ್ರತಿಫಲಿಸಿ ಹಿಂದಿರುಗುತ್ತದೆ. ಕೊಳವೆ ಹಿಗ್ಗುವ ಕಡೆಯಿಂದ ಹಿಂದಿರುಗುವ ತರಂಗ ಹೊಗೆಯನ್ನು ಹೊರಕ್ಕೆ ಹೀರುತ್ತದೆ. ಕುಗ್ಗುವ ಕಡೆಯಿಂದ ಹಿಂದಿರುಗುವುದು ಒಳಕ್ಕೆ ಒತ್ತುತ್ತದೆ. ಎರಡು ಹೊಡೆತದ, ಅಂದರೆ ಟೂ ಸ್ಟ್ರೋಕ್ ಎಂಜಿನ್ನಿಗೆ ಈ ತರಂಗವೇ ಪ್ರಾಣ. ಅದರಲ್ಲಿ ಹೊಸ ಮಿಶ್ರಣ ಒಳಬರುವಾಗ ಹೊಗೆಯ ದಾರಿಯೂ ತೆರೆದೇ ಇರುವುದರಿಂದ ಮಿಶ್ರಣದ ಒಂದು ಪಾಲು ಸುಡದೆ ನೇರವಾಗಿ ಹೊರಗೆ ಓಡುತ್ತದೆ. ಸರಿಯಾದ ಹೊತ್ತಿಗೆ ಹಿಂದಿರುಗಿದ ತರಂಗ ಆ ಓಡಿಹೋಗುವ ಮಿಶ್ರಣವನ್ನು ಮತ್ತೆ ಸಿಲಿಂಡರಿನೊಳಕ್ಕೆ ತಳ್ಳುತ್ತದೆ.

ಈ ತತ್ತ್ವವನ್ನು ಶಾಸ್ತ್ರೀಯವಾಗಿ ಸಾಧಿಸಿದವರಲ್ಲಿ ಪೂರ್ವ ಜರ್ಮನಿಯ ಎಂಜಿನಿಯರು ವಾಲ್ಟರ್ ಕಾಡೆನ್ ಅಗ್ರಗಣ್ಯರು. 1950ರ ದಶಕದಲ್ಲಿ ಎಂ.ಜೆಡ್. ಕಾರ್ಖಾನೆಯ ಬಡ ಕಾರ್ಯಾಗಾರವೊಂದರಲ್ಲಿ ಅವರು ನಡುವೆ ಉಬ್ಬಿ ಕೊನೆಯಲ್ಲಿ ಸಪುರವಾಗುವ ಹೊಗೆಕೊಳವೆಗಳನ್ನು ಒಂದಾದ ಮೇಲೊಂದರಂತೆ ಮಾಡಿ, ಪ್ರತಿಯೊಂದನ್ನೂ ಅಳತೆಯ ಬೆಂಚಿನ ಮೇಲೆ ಪರೀಕ್ಷಿಸಿದರು. 1961ರ ವೇಳೆಗೆ ಅವರ 125 ಘನ ಸೆಂಟಿಮೀಟರಿನ ಎಂಜಿನ್ನು 25 ಅಶ್ವಶಕ್ತಿ ಕೊಡುತ್ತಿತ್ತು. ಲೀಟರು ಒಂದಕ್ಕೆ 200 ಅಶ್ವಶಕ್ತಿ! ಅದೇ ವರ್ಷ ಅವರ ಸವಾರ ಅರ್ನ್ಸ್ಟ್ ಡೆಗ್ನರ್ ಪಶ್ಚಿಮಕ್ಕೆ ಪಲಾಯನ ಮಾಡಿ ಜಪಾನಿನ ಸುಜುಕಿ ಸಂಸ್ಥೆಯನ್ನು ಸೇರಿದನು. ಆ ಜ್ಞಾನವೂ ಅವನ ಜೊತೆಯಲ್ಲಿಯೇ ಹೋಯಿತು. 1962ರಲ್ಲಿ 50 ಘನ ಸೆಂಟಿಮೀಟರಿನ ವಿಭಾಗದಲ್ಲಿ ಸುಜುಕಿಯ ಮೇಲೆ ಡೆಗ್ನರ್ ವಿಶ್ವವಿಜೇತನಾದನು. ಒಂದು ತಗಡಿನ ಕೊಳವೆಯ ಅಳತೆಗಾಗಿ ಎರಡು ಖಂಡಗಳ ನಡುವೆ ಇಷ್ಟೆಲ್ಲ ನಡೆಯಿತು. ನಮ್ಮ ಅಡ್ಡಬೀದಿಯಲ್ಲಿ ಆ ಕೊಳವೆಯನ್ನು ಗರಗಸದಿಂದ ಕತ್ತರಿಸುತ್ತಾರೆ.

ನಮ್ಮಲ್ಲಿ ಎರಡು ಹೊಡೆತದ ಎಂಜಿನ್ನಿನ ಕಥೆಯೆಂದರೆ ಮೈಸೂರಿನ ಕಥೆ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ ಮೊದಲು ಜಾವಾ, ಅನಂತರ ಯೆಜ್ಡಿ ಎಂಬ ಹೆಸರಿನಲ್ಲಿ ಮೋಟಾರು ಸೈಕಲ್ಲುಗಳನ್ನು ತಯಾರಿಸಿ 1996ರಲ್ಲಿ ಮುಚ್ಚಿತು. ಎರಡೂ ಪಕ್ಕದಲ್ಲಿ ಒಂದೊಂದು ಉದ್ದನೆಯ ಸೈಲೆನ್ಸರಿದ್ದ ಆ ಗಾಡಿಗಳ ದನಿ ಹಿರಿಯರಿಗೆ ಇನ್ನೂ ನೆನಪಿರಬೇಕು. ಸುಮಾರು 250 ಘನ ಸೆಂಟಿಮೀಟರಿನ ಯೆಜ್ಡಿ ರೋಡ್‌ಕಿಂಗ್ 16 ಅಶ್ವಶಕ್ತಿ ಕೊಡುತ್ತಿತ್ತು. 1985ರಿಂದ 1996ರವರೆಗೆ ನಮ್ಮ ದೇಶದಲ್ಲಿ ತಯಾರಾದ ಯಮಹಾ ಆರ್.ಎಕ್ಸ್. 100 ಕೇವಲ 98 ಘನ ಸೆಂಟಿಮೀಟರಿನಿಂದ 11 ಅಶ್ವಶಕ್ತಿ ತೆಗೆಯುತ್ತಿತ್ತು. ಲೀಟರಿನ ಲೆಕ್ಕದಲ್ಲಿ ಮೊದಲನೆಯದು 64, ಎರಡನೆಯದು 112. ಒಂದು ಕೀಳು, ಇನ್ನೊಂದು ಮೇಲು ಎಂದು ಇದರಿಂದ ತೀರ್ಮಾನಿಸಬಾರದು. ರೋಡ್‌ಕಿಂಗ್ ತನ್ನ ಗರಿಷ್ಠ ಶಕ್ತಿಯನ್ನು ನಿಮಿಷಕ್ಕೆ ಸುಮಾರು 4,500 ಸುತ್ತುಗಳ ಸುಮಾರಿಗೇ ಕೊಡುತ್ತಿತ್ತು, ಆರ್.ಎಕ್ಸ್. 100ಕ್ಕೆ 7,500 ಸುತ್ತು ಬೇಕಾಗಿತ್ತು. ಇಬ್ಬರು ಹಿಂದೆ ಕುಳಿತು, ಮುಂದೆ ಟ್ಯಾಂಕಿನ ಮೇಲೊಂದು ಮೂಟೆಯನ್ನಿಟ್ಟುಕೊಂಡು ಏರು ಹತ್ತುವವನಿಗೆ ಬೇಕಾದುದು ಮೊದಲನೆಯ ಬಗೆಯ ಶಕ್ತಿ.

ಈ ಎರಡು ಸಂಖ್ಯೆಗಳಿಂದಲೇ ಕೊಳವೆಯ ಉದ್ದವನ್ನು ಅಂದಾಜು ಮಾಡಿ ನೋಡಬಹುದು. ಬಿಸಿ ಹೊಗೆಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 500 ಮೀಟರು ಎಂದು ಇಟ್ಟುಕೊಳ್ಳಿ. 7,500 ಸುತ್ತಿನಲ್ಲಿ ಒಂದು ಸುತ್ತಿಗೆ 8 ಮಿಲಿಸೆಕೆಂಡು. ಹೊಗೆದಾರಿ ತೆರೆದಿರುವ ಅವಧಿ ಅದರ ಸುಮಾರು ಅರ್ಧ, 4 ಮಿಲಿಸೆಕೆಂಡು. ಅಷ್ಟರಲ್ಲಿ ತರಂಗ ಎರಡು ಮೀಟರು ಚಲಿಸಬಲ್ಲದು. ಹೋಗಿ ಬರಬೇಕಾದುದರಿಂದ ಪ್ರತಿಫಲನದ ಸ್ಥಾನ ಒಂದು ಮೀಟರಿಗೆ ತುಸು ಕಡಿಮೆ ದೂರದಲ್ಲಿರಬೇಕು. 4,500 ಸುತ್ತಿಗೆ ಇದೇ ಲೆಕ್ಕ ಹಾಕಿದರೆ ಒಂದೂವರೆ ಮೀಟರಿಗಿಂತ ಹೆಚ್ಚು ಬರುತ್ತದೆ. ಅಂದರೆ ಒಂದು ವೇಗಕ್ಕೆ ಶ್ರುತಿ ಮಾಡಿದ ಕೊಳವೆ ಇನ್ನೊಂದು ವೇಗದಲ್ಲಿ ಅಪಶ್ರುತಿಯಾಗುತ್ತದೆ. ಪಂದ್ಯದ ಕೊಳವೆ ಹಾಕಿದ ಆರ್.ಎಕ್ಸ್. 100 ಎತ್ತರದ ಸುತ್ತಿನಲ್ಲಿ ಹುಲಿಯಂತೆ ನೆಗೆದು, ಸಿಲ್ಕ್ ಬೋರ್ಡಿನ ದಟ್ಟಣೆಯಲ್ಲಿ ಏಕೆ ಕೆಮ್ಮುತ್ತ ನಿಲ್ಲುತ್ತದೆಂಬುದು ಈಗ ತಿಳಿದಿರಬೇಕು. ಕೊಳವೆಯನ್ನು ಕತ್ತರಿಸಿಯೇ ಬಿಟ್ಟರೆ ಯಾವ ವೇಗದಲ್ಲಿಯೂ ಶ್ರುತಿ ಕೂಡುವುದಿಲ್ಲ. ನಾಲ್ಕು ಹೊಡೆತದ ಎಂಜಿನ್ನಿನಲ್ಲಿ ಪರಿಣಾಮ ಇಷ್ಟು ತೀವ್ರವಲ್ಲವಾದರೂ ತತ್ತ್ವ ಅದೇ. ಮೇಲಾಗಿ 2020ರ ಏಪ್ರಿಲಿನಿಂದ ಬಿ.ಎಸ್. 6 ನಿಯಮಕ್ಕೆ ಒಳಪಟ್ಟು ಬಂದಿರುವ ಗಾಡಿಗಳಲ್ಲಿ ವಿಷಾನಿಲವನ್ನು ಶುದ್ಧಗೊಳಿಸುವ ವೇಗವರ್ಧಕವೂ ಹೊಗೆಯ ಕೊಳವೆಯಲ್ಲಿಯೇ ಇರುತ್ತದೆ. ಸೈಲೆನ್ಸರಿನ ಜೊತೆಗೆ ಎಷ್ಟೋ ಸಲ ಅದೂ ಹೋಗುತ್ತದೆ.

ಹಾಗಾದರೆ ಆ ಗುಡುಗು? ಅದರಲ್ಲಿ ಶಕ್ತಿಯಿಲ್ಲವೆ? ಇದಕ್ಕೂ ಲೆಕ್ಕವಿದೆ. ಏಳೂವರೆ ಮೀಟರು ದೂರದಲ್ಲಿ 100 ಡೆಸಿಬೆಲ್ ಅಬ್ಬರಿಸುವ ಗಾಡಿಯೊಂದು ಸುತ್ತಲೂ ಚೆಲ್ಲುತ್ತಿರುವ ಶಬ್ದಶಕ್ತಿಯನ್ನೆಲ್ಲ ಒಟ್ಟುಗೂಡಿಸಿದರೆ ಮೂರೂವರೆ ವಾಟು ಆಗುತ್ತದೆ. 11 ಅಶ್ವಶಕ್ತಿಯೆಂದರೆ ಸುಮಾರು 8,200 ವಾಟು. ಇಡೀ ಬೀದಿಯ ಮುದುಕರನ್ನೂ ಹಸುಗೂಸುಗಳನ್ನೂ ಎಬ್ಬಿಸುವ ಆ ಸದ್ದು ಎಂಜಿನ್ನಿನ ಶಕ್ತಿಯ ಎರಡು ಸಾವಿರದ ಒಂದು ಪಾಲೂ ಅಲ್ಲ. ನಮ್ಮ ಕಿವಿ ಅಷ್ಟು ಸೂಕ್ಷ್ಮವಾದ ಅಂಗ. ಅದಕ್ಕಾಗಿಯೇ ಅಶ್ವಶಕ್ತಿ ಅಳೆಯುವುದಕ್ಕೆ ಅದು ಅಷ್ಟು ಅಯೋಗ್ಯವಾದ ಸಾಧನ. 80ರಿಂದ 175 ಘನ ಸೆಂಟಿಮೀಟರಿನ ಹೊಸ ಗಾಡಿಗಳಿಗೆ ಕಾರ್ಖಾನೆಯ ಪರೀಕ್ಷೆಯಲ್ಲಿ ನಮ್ಮ ನಿಯಮ ವಿಧಿಸಿರುವ ಮಿತಿ 77 ಡೆಸಿಬೆಲ್. ಪ್ರತಿ ಹತ್ತು ಡೆಸಿಬೆಲ್ಲಿಗೆ ಶಬ್ದಶಕ್ತಿ ಹತ್ತು ಮಡಿಯಾಗುವುದರಿಂದ, 100 ಡೆಸಿಬೆಲ್ಲಿನ ಗಾಡಿ ಅಂಥ ಇನ್ನೂರು ಗಾಡಿಗಳಿಗೆ ಸಮ.

ಇನ್ನು ಸಿಲಿಂಡರಿನ ‘ಹೆಡ್’ ಭಾಗವನ್ನು ತೇಯಿಸಿ ಸಂಪೀಡನದ ಪ್ರಮಾಣವನ್ನು ಹೆಚ್ಚಿಸುವ ಪದ್ಧತಿಯೊಂದಿದೆ. ಲೇತಿನ ಸೌಕರ್ಯವಿರುವ ನಮ್ಮ ಭಾಗದಲ್ಲಿ ಇದು ಸುಲಭ. ಆದರೆ 9ರಿಂದ 10ಕ್ಕೆ ಏರಿಸಿದರೆ ಉಷ್ಣಶಾಸ್ತ್ರದ ಆದರ್ಶ ಲೆಕ್ಕದಂತೆಯೂ ದೊರೆಯುವ ಲಾಭ ಶೇಕಡಾ 3. ಅದಕ್ಕೆ ಪ್ರತಿಯಾಗಿ, ಮಿಶ್ರಣ ಹೊತ್ತಿಗೆ ಮುಂಚೆ ಸಿಡಿದು ಪಿಸ್ಟನ್ನನ್ನು ಕೊರೆಯುವ ಭಯ ಹೆಚ್ಚುತ್ತದೆ. ಮುಂದಿನ ಹಲ್ಲುಚಕ್ರವನ್ನು 14 ಹಲ್ಲಿನಿಂದ 13ಕ್ಕೆ ಬದಲಿಸಿದರೆ ಎಲ್ಲ ಗೇರಿನಲ್ಲಿಯೂ ಎಳೆತ ಶೇಕಡಾ 8ರಷ್ಟು ಹೆಚ್ಚುತ್ತದೆ. ಕೆಲವೇ ನೂರು ರೂಪಾಯಿಯ ಕೆಲಸ. ಅಶ್ವಶಕ್ತಿ ಒಂದಿಷ್ಟೂ ಏರಿರುವುದಿಲ್ಲ, ಅದೇ ವೇಗಕ್ಕೆ ಎಂಜಿನ್ನು ಹೆಚ್ಚು ಸುತ್ತಬೇಕಾಗುತ್ತದೆ. ಆದರೂ ‘ಪಿಕಪ್’ ಬೇಕೆನ್ನುವ ಹುಡುಗ ಬಯಸುವುದು ನಿಜವಾಗಿ ಇದನ್ನೇ. ಎಲ್ಲಕ್ಕಿಂತ ಮೊದಲು, ಧೂಳು ಕಟ್ಟಿದ ಗಾಳಿಯ ಸೋಸುಕ, ಒಣಗಿ ಸಡಿಲವಾದ ಚೈನು, ಗಾಳಿಯಿಳಿದ ಟೈರು, ಚಕ್ರವನ್ನು ಹಿಡಿದೇ ಇರುವ ಬ್ರೇಕು, ಅಳತೆ ತಪ್ಪಿದ ಕವಾಟಗಳು, ಕರಿಗಟ್ಟಿದ ಸ್ಪಾರ್ಕ್ ಪ್ಲಗ್ಗು, ಇವುಗಳಲ್ಲಿ ಸೋರಿಹೋಗುತ್ತಿರುವ ಶಕ್ತಿಯನ್ನು ಹಿಂದಕ್ಕೆ ಪಡೆಯುವುದು ಜಾಣತನ. ಪ್ಲಗ್ಗಿನ ಮಾತು ಬಂದಾಗ ನೆನಪಾಗುತ್ತದೆ: 1951ರಲ್ಲಿ ಸ್ಥಾಪಿತವಾದ ಮೈಕೋ ಸಂಸ್ಥೆ ದೇಶಕ್ಕೆಲ್ಲ ಸ್ಪಾರ್ಕ್ ಪ್ಲಗ್ಗು ತಯಾರಿಸಿ ಕೊಟ್ಟದ್ದು ಇದೇ ಹೊಸೂರು ರಸ್ತೆಯ ಆಡುಗೋಡಿಯಲ್ಲಿ. ಪ್ಲಗ್ಗಿನ ತುದಿಯ ಬಣ್ಣ ನೋಡಿ ಎಂಜಿನ್ನಿನ ಆರೋಗ್ಯ ಹೇಳಬಲ್ಲ ಹಿರಿಯ ಮೆಕ್ಯಾನಿಕ್ಕುಗಳು ಈ ರಸ್ತೆಯಲ್ಲಿ ಇನ್ನೂ ಇದ್ದಾರೆ. ತರುಣರು ಅವರ ಬಳಿ ಒಂದು ಭಾನುವಾರ ಕುಳಿತರೆ ನಷ್ಟವೇನೂ ಇಲ್ಲ.

ಒಂದು ವೇಳೆ ಶ್ರಮಪಟ್ಟು, ಹಣ ಸುರಿದು, ಎಂಜಿನ್ನಿನ ಶಕ್ತಿಯನ್ನು ನಿಜವಾಗಿಯೇ ಶೇಕಡಾ 15ರಷ್ಟು ಹೆಚ್ಚಿಸಿದಿರೆಂದು ಭಾವಿಸೋಣ. ಇದು ಸಣ್ಣ ಸಾಧನೆಯಲ್ಲ. ವೇಗ ಎಷ್ಟು ಹೆಚ್ಚುತ್ತದೆ? ಹೆಚ್ಚಿನ ವೇಗದಲ್ಲಿ ಶಕ್ತಿಯ ಬಹುಪಾಲು ಗಾಳಿಯನ್ನು ಸೀಳುವುದಕ್ಕೇ ವ್ಯಯವಾಗುತ್ತದೆ. ಗಾಳಿಯ ತಡೆ ವೇಗದ ವರ್ಗಕ್ಕೆ ಅನುಗುಣವಾಗಿ, ಅದಕ್ಕೆ ಬೇಕಾಗುವ ಶಕ್ತಿ ವೇಗದ ಘನಕ್ಕೆ ಅನುಗುಣವಾಗಿ ಏರುತ್ತದೆ. 1.15ರ ಘನಮೂಲ 1.048. ಗಂಟೆಗೆ 100 ಕಿಲೋಮೀಟರು ಓಡುತ್ತಿದ್ದ ಗಾಡಿ 105ನ್ನೂ ಮುಟ್ಟುವುದಿಲ್ಲ! ಸಿಲ್ಕ್ ಬೋರ್ಡಿನಿಂದ ಎಲೆಕ್ಟ್ರಾನಿಕ್ ಸಿಟಿಗೆ ಸುಮಾರು 9 ಕಿಲೋಮೀಟರು. ರಸ್ತೆ ಪೂರ್ತಿ ಖಾಲಿಯಾಗಿದ್ದು, ಎಲ್ಲಿಯೂ ನಿಲ್ಲದೆ ಓಡಿದರೂ ಉಳಿಯುವ ಸಮಯ 15 ಸೆಕೆಂಡು. 2010ರಲ್ಲಿ ತೆರೆದ ಮೇಲ್ರಸ್ತೆ ತಲೆಯ ಮೇಲೆ, 2025ರ ಆಗಸ್ಟಿನಿಂದ ಮೆಟ್ರೋ ರೈಲೂ ತಲೆಯ ಮೇಲೆ. ಆದರೂ ಕೆಳಗಿನ ರಸ್ತೆಯಲ್ಲಿ ಬೊಮ್ಮನಹಳ್ಳಿಯ ಒಂದು ಕೆಂಪು ದೀಪ ಆ 15 ಸೆಕೆಂಡನ್ನು ಒಂದೇ ತುತ್ತಿಗೆ ನುಂಗಿಬಿಡುತ್ತದೆ. ಸವಾರನು ತುಸು ಬಾಗಿ ಕುಳಿತು ಗಾಳಿಯ ತಡೆಯನ್ನು ಶೇಕಡಾ 10 ಇಳಿಸಿದರೆ ಆಗುವ ಪ್ರಯೋಜನ, ಎಂಜಿನ್ನಿನ ಶಕ್ತಿಯನ್ನು ಶೇಕಡಾ 11 ಹೆಚ್ಚಿಸಿದುದಕ್ಕೆ ಸಮ. ಬೆನ್ನು ಬಾಗಿಸಲು ಹಣ ಬೇಕಾಗಿಲ್ಲ.

ನ್ಯೂಜಿಲೆಂಡಿನ ಬರ್ಟ್ ಮನ್ರೋ ಎಂಬಾತನು ಈ ಘನದ ನಿಯಮದೊಡನೆ ಜೀವಮಾನವೆಲ್ಲ ಹೋರಾಡಿದನು. 1920ರಲ್ಲಿ ಕೊಂಡ ಒಂದು ಇಂಡಿಯನ್ ಸ್ಕೌಟ್ ಮೋಟಾರು ಸೈಕಲ್ಲು ಆಗ ಗಂಟೆಗೆ ಸುಮಾರು 88 ಕಿಲೋಮೀಟರು ಓಡುತ್ತಿತ್ತು. ತನ್ನ ಷೆಡ್ಡಿನಲ್ಲಿ ಪಿಸ್ಟನ್ನುಗಳನ್ನು ತಾನೇ ಎರಕ ಹೊಯ್ದು, ಒಡೆದುಹೋದವುಗಳನ್ನು ಹಲಗೆಯ ಮೇಲೆ ಸಾಲಾಗಿ ಇಟ್ಟುಕೊಂಡು, 47 ವರ್ಷ ಅದನ್ನೇ ತಿದ್ದಿದನು. 1967ರಲ್ಲಿ ಅಮೆರಿಕದ ಬಾನ್‌ವಿಲ್ ಉಪ್ಪಿನ ಬಯಲಿನಲ್ಲಿ ಅದೇ ಗಾಡಿ ಗಂಟೆಗೆ 295 ಕಿಲೋಮೀಟರು ದಾಟಿ ದಾಖಲೆ ಮಾಡಿತು. ಆಗ ಆತನಿಗೆ 68 ವರ್ಷ. ಗಾಳಿಯನ್ನು ಜಾರಿಸುವ ಮೀನಿನಾಕಾರದ ಹೊದಿಕೆಯೊಂದು ಇಲ್ಲದಿದ್ದರೆ ಎಂಜಿನ್ನು ಎಷ್ಟು ಬಲಿಷ್ಠವಾಗಿದ್ದರೂ ಆ ವೇಗ ಬರುತ್ತಿರಲಿಲ್ಲ. ಮತ್ತು ಮನ್ರೋ ತನ್ನ ದಾಖಲೆಯನ್ನು ಮಾಡಿದ್ದು ನಿರ್ಜನವಾದ ಉಪ್ಪಿನ ಬಯಲಿನಲ್ಲಿ. ಹೊಸೂರು ರಸ್ತೆಯಲ್ಲಿ ಗಾರ್ಮೆಂಟ್ಸ್ ಕಾರ್ಖಾನೆ ಬಿಟ್ಟು ರಸ್ತೆ ದಾಟುತ್ತಿರುವ ಹೆಣ್ಣುಮಕ್ಕಳ ನಡುವೆ ಅಲ್ಲ.

ಈ ಕೊನೆಯ ಮಾತನ್ನು ಹಾಸ್ಯವೆಂದು ಯಾರೂ ಭಾವಿಸಬಾರದು. ಒಣ ರಸ್ತೆಯಲ್ಲಿ ಒಳ್ಳೆಯ ಬ್ರೇಕು 60 ಕಿಲೋಮೀಟರು ವೇಗದ ಗಾಡಿಯನ್ನು 23 ಮೀಟರಿನಲ್ಲಿ ನಿಲ್ಲಿಸಿದರೆ, 80 ಕಿಲೋಮೀಟರಿನಲ್ಲಿ ಅದಕ್ಕೆ 41 ಮೀಟರು ಬೇಕು. ಸವಾರನು ಅಪಾಯವನ್ನು ಕಂಡು ಬ್ರೇಕು ಹಿಡಿಯುವ ಒಂದು ಸೆಕೆಂಡಿನಲ್ಲಿ ಕ್ರಮಿಸುವ 17 ಅಥವಾ 22 ಮೀಟರು ಇದರ ಮೇಲೆ. ಗ್ಯಾರೇಜಿನಲ್ಲಿ ಎಂಜಿನ್ನು ಬದಲಿಸುವವರು ಬ್ರೇಕನ್ನೂ ಟೈರನ್ನೂ ಬದಲಿಸಿದುದನ್ನು ನಾನು ಕಂಡದ್ದು ಬಹಳ ಅಪರೂಪ. ಕಾನೂನೂ ಸ್ಪಷ್ಟವಾಗಿದೆ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು, ನೋಂದಣಿಯಲ್ಲಿರುವ ವಿವರಗಳಿಗೆ ವಿರುದ್ಧವಾಗಿ ಗಾಡಿಯನ್ನು ಮಾರ್ಪಡಿಸಬಾರದೆಂದು ಹೇಳುತ್ತದೆ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿ ಒಂದೊಂದು ಮಾರ್ಪಾಟಿಗೆ ಐದು ಸಾವಿರ ರೂಪಾಯಿ ದಂಡವನ್ನೋ ಆರು ತಿಂಗಳವರೆಗಿನ ಸೆರೆವಾಸವನ್ನೋ ಎರಡನ್ನೂ ಒಟ್ಟಿಗೋ ವಿಧಿಸಲು ಅವಕಾಶ ಕೊಟ್ಟಿತು.

ಇತ್ತೀಚಿನ ವರ್ಷಗಳಲ್ಲಿ ನಮ್ಮ ನಾಡಿನ ಹಲವು ಊರುಗಳ ಪೊಲೀಸರು ವಶಪಡಿಸಿಕೊಂಡ ಸೈಲೆನ್ಸರುಗಳನ್ನು ರಸ್ತೆಯ ಮೇಲೆ ಸಾಲಾಗಿ ಹರಡಿ ರೋಡ್ ರೋಲರ್ ಹರಿಸಿದ ಚಿತ್ರಗಳು ಪತ್ರಿಕೆಗಳಲ್ಲಿ ಬಂದಿವೆ. ಪೊಲೀಸರು ತಮ್ಮ ಕರ್ತವ್ಯವನ್ನು ಮಾಡಿದ್ದಾರೆ. ಮನೆಯ ಮಲಗುವ ಕೋಣೆ ರಸ್ತೆಗೆ ಮುಖಮಾಡಿರುವ ನನ್ನಂಥವನು ಅದನ್ನು ಆಕ್ಷೇಪಿಸಲಾರನು. ಆದರೆ ರೋಲರು ಕೊಳವೆಯನ್ನು ಚಪ್ಪಟೆ ಮಾಡುತ್ತದೆಯೇ ಹೊರತು ಆ ಹುಡುಗನ ತಲೆಯಲ್ಲಿದ್ದ ಪ್ರಶ್ನೆಗೆ ಉತ್ತರ ಕೊಡುವುದಿಲ್ಲ. ತನ್ನ ಗಾಡಿಯ ಶಕ್ತಿ ಎಷ್ಟು, ಅದನ್ನು ಯಾವುದು ಹೆಚ್ಚಿಸುತ್ತದೆ, ಯಾವುದು ಕುಗ್ಗಿಸುತ್ತದೆ ಎಂದು ತಿಳಿಯಲು ಅವನಿಗೆ ನಾವು ಯಾವ ಸ್ಥಳವನ್ನು ಕೊಟ್ಟಿದ್ದೇವೆ?

ಸ್ಥಳ ಇಲ್ಲದಿಲ್ಲ. ಸುತ್ತಮುತ್ತ ಎಂಜಿನಿಯರಿಂಗ್ ಕಾಲೇಜುಗಳೂ ಪಾಲಿಟೆಕ್ನಿಕ್ಕುಗಳೂ ಬೇಕಾದಷ್ಟಿವೆ. ಯಂತ್ರಶಾಸ್ತ್ರದ ಪ್ರಯೋಗಾಲಯವೆಂದರೆ ಅಲ್ಲಿ ಒಂದು ಪೆಟ್ರೋಲ್ ಎಂಜಿನ್ನೂ ಅದರ ಶಕ್ತಿ ಅಳೆಯುವ ಸಲಕರಣೆಯೂ ಇರಲೇಬೇಕು. ವಿದ್ಯಾರ್ಥಿಗಳು ಅದರ ಮುಂದೆ ನಿಂತು, ಹಿಂದಿನ ವರ್ಷದವರು ಬರೆದ ಅಂಕೆಗಳನ್ನೇ ದಾಖಲೆ ಪುಸ್ತಕಕ್ಕೆ ಇಳಿಸಿ, ಸಹಿ ಮಾಡಿಸಿಕೊಂಡು ಹೊರಟುಹೋಗುತ್ತಾರೆ. (ನಾನೂ ಹಾಗೆ ಮಾಡಿದವನೇ.) ಹೊರಗೆ ಬಂದೊಡನೆ ಅದೇ ವಿದ್ಯಾರ್ಥಿಗಳು ಗ್ಯಾರೇಜಿಗೆ ಓಡಿ ಎಂಜಿನ್ನಿನ ವಿಷಯವಾಗಿ ರಾತ್ರಿಯವರೆಗೂ ವಾದಿಸುತ್ತಾರೆ! ಈ ಎರಡನ್ನೂ ಒಂದುಗೂಡಿಸುವುದು ಅಷ್ಟು ಕಷ್ಟವೆ? ತಿಂಗಳಿಗೊಂದು ಶನಿವಾರ ಪ್ರಯೋಗಾಲಯದ ಬಾಗಿಲನ್ನು ವಿದ್ಯಾರ್ಥಿಗಳ ಸ್ವಂತ ಎಂಜಿನ್ನುಗಳಿಗೆ ತೆರೆಯಲಿ. ಸೈಲೆನ್ಸರು ಇದ್ದಾಗ ಎಷ್ಟು, ತೆಗೆದಾಗ ಎಷ್ಟು ಎಂದು ಅವರೇ ಅಳೆದು ಗೋಡೆಯ ಮೇಲೆ ಅಂಟಿಸಲಿ. ತಾನೇ ಎಳೆದ ವಕ್ರರೇಖೆ ಕೆಳಕ್ಕೆ ಇಳಿದಿರುವುದನ್ನು ಕಂಡ ಹುಡುಗನು ಕತ್ತರಿಸಿದ ಕೊಳವೆಯನ್ನು ಮತ್ತೆ ಹಾಕಿಕೊಳ್ಳಲಾರನು.

ಇದರಿಂದ ಪುಂಡಾಟಿಕೆಗೆ ಪ್ರೋತ್ಸಾಹ ಸಿಗುತ್ತದೆಂದು ಕೆಲವು ಅಧ್ಯಾಪಕ ಮಿತ್ರರು ಹೇಳುತ್ತಾರೆ. ಬೆಂಚಿಗೆ ಬಿಗಿದ ಎಂಜಿನ್ನು ಯಾರ ಮೇಲೂ ಹರಿಯುವುದಿಲ್ಲ. ನಿಜವಾಗಿ ವೇಗದ ರುಚಿ ಹತ್ತಿದವನಿಗೆ ಶ್ರೀಪೆರಂಬೂದೂರಿನ ಬಳಿ 1990ರಿಂದ ಪಂದ್ಯದ ದಾರಿಯಿದೆ; ಕೊಯಮತ್ತೂರಿನಲ್ಲಿ ಕರಿ ಸ್ಪೀಡ್‌ವೇ ಇದೆ. ನಮ್ಮ ಹೊಸೂರು ರಸ್ತೆಯನ್ನೇ ಹಿಡಿದು ಗಡಿ ದಾಟಿದರೆ ಸಿಗುವ ಹೊಸೂರಿನ ಟಿ.ವಿ.ಎಸ್. ಸಂಸ್ಥೆ 1982ರಿಂದಲೂ ತನ್ನದೇ ಪಂದ್ಯದ ತಂಡವನ್ನು ಇಟ್ಟುಕೊಂಡು ಬಂದಿದೆ. ಅಂಥ ಕಡೆ ಕೆಲಸ ಬೇಡುವ ತರುಣನಿಗೆ “ತುಂಬಾ ಸಾರ್” ಎಂಬ ಉತ್ತರ ಸಾಲದು.

ಅಳತೆಯ ಸಾಧನಕ್ಕೆ ಲಕ್ಷಗಟ್ಟಲೆ ಬೇಕೆಂಬುದೂ ನೆಪ. 1821ರಲ್ಲಿ ಫ್ರಾನ್ಸಿನ ಗಾಸ್ಪಾರ್ ದ ಪ್ರೊನಿ ಎಂಬ ಎಂಜಿನಿಯರು ಮರದ ಬಿರಿಗಳಿಂದ ತಿರುಗುವ ದಂಡವನ್ನು ಅದುಮಿ ಹಿಡಿದು ಯಂತ್ರದ ಶಕ್ತಿಯನ್ನು ಅಳೆದನು. ಇಂದಿಗೂ ‘ಬ್ರೇಕ್ ಅಶ್ವಶಕ್ತಿ’ ಎನ್ನುವುದು ಆ ಕಾರಣದಿಂದಲೇ. ಅದಕ್ಕಿಂತ ಸರಳವಾದುದು ಹಗ್ಗದ ಬ್ರೇಕು. ಎಂಜಿನ್ನು ತಿರುಗಿಸುವ ಡ್ರಮ್ಮೊಂದಕ್ಕೆ ಹಗ್ಗ ಸುತ್ತಿ, ಒಂದು ತುದಿಗೆ ತೂಕ ಕಟ್ಟಿ, ಇನ್ನೊಂದು ತುದಿಯನ್ನು ಸ್ಪ್ರಿಂಗ್ ತಕ್ಕಡಿಗೆ ಸಿಕ್ಕಿಸಬೇಕು. ಡ್ರಮ್ಮಿನ ತ್ರಿಜ್ಯ 20 ಸೆಂಟಿಮೀಟರು, ಎರಡು ತುದಿಗಳ ಎಳೆತದ ವ್ಯತ್ಯಾಸ 20 ಕಿಲೋಗ್ರಾಂ ತೂಕದಷ್ಟು, ತಿರುಗುವ ವೇಗ ನಿಮಿಷಕ್ಕೆ 2,000 ಸುತ್ತು ಎಂದಿಟ್ಟುಕೊಳ್ಳಿ. ಡ್ರಮ್ಮಿನ ಅಂಚು ಸೆಕೆಂಡಿಗೆ ಸುಮಾರು 42 ಮೀಟರು ಚಲಿಸುತ್ತಿರುತ್ತದೆ. ಅದನ್ನು 196 ನ್ಯೂಟನ್ ಎಳೆತದಿಂದ ಗುಣಿಸಿದರೆ 8,200 ವಾಟು, ಅಂದರೆ 11 ಅಶ್ವಶಕ್ತಿ. ಹೈಸ್ಕೂಲಿನ ಭೌತಶಾಸ್ತ್ರವೇ ಸಾಕು.

ಮೊದಲು ಹೇಳಿದ ಆ ಹುಡುಗನು ಕಳೆದ ವಾರ ಮತ್ತೆ ಮನೆಗೆ ಬಂದಿದ್ದನು. ಅವರ ಪಾಲಿಟೆಕ್ನಿಕ್ಕಿನ ಮೂಲೆಯಲ್ಲಿ ಅಂಥದೇ ಒಂದು ಹಳೆಯ ಡ್ರಮ್ಮು ತುಕ್ಕು ಹಿಡಿದು ಬಿದ್ದಿದೆಯಂತೆ, ಮೇಷ್ಟ್ರು ಒಪ್ಪಿದ್ದಾರಂತೆ. ಹಗ್ಗ ನೈಲಾನಿನದು ಆದೀತೇ ಎಂದು ಕೇಳಿದನು. ಆಗದು, ಬಿಸಿಗೆ ಕರಗಿಹೋಗುತ್ತದೆ, ದಪ್ಪನೆಯ ಹತ್ತಿಯ ಹಗ್ಗ ತಾ, ಡ್ರಮ್ಮಿನ ಒಳಅಂಚಿಗೆ ನೀರು ಬೀಳುವ ಏರ್ಪಾಡನ್ನು ಮೊದಲು ಮಾಡಿಕೊ ಎಂದು ಹೇಳಿ ಕಳುಹಿಸಿದ್ದೇನೆ.